ರೆಡಿಮೇಡ್ ಬಂದೂಕು

ಮಾಸ್ಟರ್ ತಮ್ಮ ಜೀವನದಲ್ಲಿ ಒಂದು ಗುಂಡೂ ಹಾರಿಸಿದವರಲ್ಲ. ಪಟಾಕಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದರೂ ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಹೊಲಿಗೆ ಯಂತ್ರವಲ್ಲ, ಒಂದು ಬಂದೂಕು. ಮಾತಾಡಿಸಿ ಬರಲು ಹೋದಾಗ ಇದನ್ನು ಅವರ ಮಗಳಿಗೆ ಹೇಳಿಯೂಬಿಟ್ಟೆ. ದುಃಖದ ಮನೆಯಲ್ಲಿ ಅವಳು ನಕ್ಕಳು. “ಬಂದೂಕಿನ ಕತಿ ಹೇಳಲಿಲ್ಲಂದ್ರ ಅಬ್ಬಾಗ ಉಂಡಂಗ ಆಗ್ತಿದ್ದಿಲ್ರಿ ಅಕ್ಕಾರ,” ಅಂದಳು. ಅವರು ಹೇಳಿದ ಕತೆಯಲ್ಲಿ ಅವರದೇ ಪಾತ್ರ ಎಷ್ಟು ಸಣ್ಣದಿತ್ತೋ ನನಗೆ ಗೊತ್ತಿಲ್ಲ. ಅದಕ್ಕೇ ನಾನೊಂದಿಷ್ಟು ಬರೆದಿಡುತ್ತೇನೆ.

ಶಹಾಪುರದ ಹಳೆಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರ ಟೇಲರ್ ಅಂಗಡಿ. ಇಬ್ಬರು ಗಿರಾಕಿ ಒಳಗೆ ಬಂದರೆ ಮೂರನೆಯವರು ರಸ್ತೆಯಲ್ಲೇ ನಿಂತು ಮಾತಾಡಬೇಕು, ಅಷ್ಟೇ ಜಾಗ. ಹತ್ತಿ ವ್ಯಾಪಾರಿಗಳ ಅಂಗಿ, ಶಾಲೆ ಮಕ್ಕಳ ಚಡ್ಡಿ, ಕಳೆ ತೆಗೆಯಲು ಹೋಗುವ ಹೆಂಗಸರ ರವಿಕೆ, ಅಂದರೆ ಜಂಪರ್, ಎಲ್ಲವನ್ನೂ ಅಲ್ಲೇ ಹೊಲಿಯಬೇಕು. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಊರಲ್ಲಿ ಅರ್ಧ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ, ಎಲ್ಲರಿಗೂ ಅವರು ಬರೀ ಮಾಸ್ಟರ್. ಸಣಕಲು ಮನುಷ್ಯ. ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿ. ಹೀಗಾಗಿ ಅವರ ಮಾತೆಲ್ಲ ತುಂಡು ತುಂಡು. “ಬಾಯಾಗ ಸೂಜಿ ಇದ್ರ ಉದ್ದ ಮಾತು ಬರಂಗಿಲ್ಲ. ಉದ್ದ ಮಾತು ಬರಲಿಲ್ಲಂದ್ರ ಸುಳ್ಳೂ ಬರಂಗಿಲ್ಲ,” ಅನ್ನುತ್ತಿದ್ದರು. ಹಬ್ಬದ ಹಿಂದಿನ ದಿನ ಬಟ್ಟೆ ಕೇಳಲು ಹೋದವರಿಗೆ “ಸಂಜೀಕ ಬರ್ರಿ” ಅನ್ನುವಾಗ ಮಾತ್ರ ಸೂಜಿ ತೆಗೆದಿಡುತ್ತಿದ್ದರು ಎಂದು ಗಲ್ಲಿಯವರು ಕಾಡಿಸುತ್ತಿದ್ದರು.

ನಮ್ಮ ಕಡೆ ಹೆಂಗಸರ ಅಳತೆಯ ಪದ್ಧತಿ ಬೇರೆ. ಟೇಲರ್ ಮೈಗೆ ಟೇಪು ಹಚ್ಚುವುದಿಲ್ಲ. ಚೆನ್ನಾಗಿ ಕೂಡುವ ಹಳೆಯ ಜಂಪರ್ ಒಂದನ್ನು ಒಯ್ದು ಕೊಟ್ಟರೆ ಅದನ್ನು ನೋಡಿ ಹೊಸದು ಹೊಲಿಯುತ್ತಾರೆ. ಅದಕ್ಕೆ ಅಳತೆ ಜಂಪರ್ ಅನ್ನುತ್ತಾರೆ. ಮೊದಲ ಸಲ ಬಂದವರಿಗೆ ಮಾತ್ರ ಮಾಸ್ಟರ ಹೆಂಡತಿ ಪರದೆಯ ಹಿಂದೆ ಅಳತೆ ತೆಗೆಯುತ್ತಿದ್ದರು. ಅವರು ಬಳಿಚಕ್ರ ಎಂಬ ಹಳ್ಳಿಯವರು, ಅಂಕಿ ಓದಲು ಬರುತ್ತಿರಲಿಲ್ಲ. ಒಂದು ನೂಲು ಹಿಡಿದು ಬೆನ್ನಿಗೊಂದು, ಸೊಂಟಕ್ಕೊಂದು, ತೋಳಿಗೊಂದು ಗಂಟು ಹಾಕಿ ಪರದೆಯ ಸಂದಿಯಿಂದ ಗಂಡನಿಗೆ ದಾಟಿಸುತ್ತಿದ್ದರು. ಮಾಸ್ಟರ್ ಆ ಗಂಟುಗಳನ್ನು ಟೇಪಿನ ಮೇಲಿಟ್ಟು ಬರೆದುಕೊಳ್ಳುತ್ತಿದ್ದರು.

ನಾನು ಎಂಟು ವರ್ಷದವಳಿದ್ದಾಗ ಅಜ್ಜನ ಊರಾದ ವನದುರ್ಗದಲ್ಲಿ ಕೋಟೆ ಗೋಡೆ ಹತ್ತಿ ಬಿದ್ದು ಎಡಗೈ ಮುರಿದುಕೊಂಡೆ. ಹಳ್ಳಿಯ ನಾಟಿ ವೈದ್ಯ ಹಾಕಿದ ಕಟ್ಟು ಬಿಚ್ಚಿದಾಗ ಮೊಳಕೈ ಹೊರಕ್ಕೆ ತಿರುಗಿ ಕೂತಿತ್ತು. ಇವತ್ತಿಗೂ ಆ ಕೈ ಪೂರಾ ಚಾಚುವುದಿಲ್ಲ, ಬಲಗೈಗಿಂತ ಎರಡು ಬೆರಳು ಗಿಡ್ಡ. ಅವ್ವ ನನ್ನನ್ನು ಮಾಸ್ಟರ ಅಂಗಡಿಗೆ ಕರೆದೊಯ್ದು ಸಣ್ಣ ದನಿಯಲ್ಲಿ, “ಹೆಣ್ಣು ಕೂಸು ಅದರಿ. ನಾಳಿ ಒಬ್ಬರ ಮನಿಗಿ ಕೊಡದು. ಯಾರಿಗೂ ಕಾಣಬಾರದಂಗ ಏನರ ಮಾಡ್ರಿ,” ಅಂದಳು. ಮಾಸ್ಟರ್ ತಲೆ ಆಡಿಸಿದರು. ಮೊಳಕೈ ಇಳಿಯುವ ಉದ್ದ ತೋಳು ಇಟ್ಟು, ಎಡತೋಳಿನ ಒಳಗೆ ಒಂದು ಓರೆ ತುಂಡು ಸೇರಿಸಿ, ಹೊಲಿಗೆಯ ಅಂಚಿಗೆ ತೆಳು ಕ್ಯಾನ್ವಾಸ್ ಕೊಟ್ಟು ಹೊಲಿದರು. ಅದನ್ನು ತೊಟ್ಟರೆ ನನಗೇ ನನ್ನ ಕೈ ನೆಟ್ಟಗಿದೆ ಅನ್ನಿಸುತ್ತಿತ್ತು. ಮುಂದೆ ಆ ಜಂಪರ್ ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು, ಹೀಗೆ ಹದಿನೈದು ವರ್ಷ. ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಒಮ್ಮೆಯೂ ಬರಲಿಲ್ಲ.

ನಮ್ಮ ಸೀಮೆಯ ನೀರಾವರಿ ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ ನನಗೆ ಕಾಲುವೆ ಕ್ಯಾಂಪಿನ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತು. ಎಂಜಿನಿಯರುಗಳು ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಗೆರೆ ತಿದ್ದುವುದು ನನ್ನ ಕೆಲಸ. ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ಕ್ಯಾಂಪಿನಲ್ಲಿ ಎಲ್ಲೆಲ್ಲಿಯದೋ ಜನ, ಸಂಜೆಗೆ ಹೊತ್ತು ಹೋಗದವರು. ಅವರು ಸೇರಿ ಒಂದು ರೈಫಲ್ ಕ್ಲಬ್ ಕಟ್ಟಿಕೊಂಡಿದ್ದರು. ಕಾಲುವೆ ಏರಿಗೆ ಮಣ್ಣು ತೆಗೆದ ದೊಡ್ಡ ತಗ್ಗೇ ಮೈದಾನ, ಉಳಿದ ಮಣ್ಣಿನ ಗುಡ್ಡೆಯೇ ಗುಂಡು ತಡೆಯುವ ಗೋಡೆ. ಕ್ಲಬ್ಬಿನ ಸೆಕ್ರೆಟರಿ ಮೈಸೂರು ಕಡೆಯ ಎಂಜಿನಿಯರು. ಒಂದು ದಿನ ನನ್ನ ಟೇಬಲ್ಲಿನ ಹತ್ತಿರ ನಿಂತು, “ಏನಮ್ಮ, ಗೆರೆ ಎಳೆಯುವಾಗ ಉಸಿರೇ ಆಡುವುದಿಲ್ಲವಲ್ಲ ನೀನು. ಭಾನುವಾರ ಬಂದು ಬಂದೂಕು ಹಿಡಿದು ನೋಡು,” ಅಂದರು. ಹೋದೆ. ಹಳೆಯ ಬಂದೂಕಿನ ಕೆಳಗೆ ಮರಳಿನ ಚೀಲ ಇಟ್ಟುಕೊಟ್ಟರು. ಚೀಲವಿದ್ದರೆ ಎಡಗೈಗೆ ಕೆಲಸವೇ ಇಲ್ಲ. ಹತ್ತು ಗುಂಡನ್ನೂ ಒಂದು ರೂಪಾಯಿ ನಾಣ್ಯದಗಲ ಜಾಗದಲ್ಲಿ ಹೊಡೆದೆ. ನನಗೆ ಆ ದಿನ ಆದ ಸಂತೋಷ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಗುಲಬರ್ಗಾದಲ್ಲಿ ಹೆಂಗಸರ ಆಯ್ಕೆ ಸ್ಪರ್ಧೆ ಇದೆ, ನೀನೇ ಹೋಗಬೇಕು ಎಂದು ಸೆಕ್ರೆಟರಿ ಹಟ ಹಿಡಿದರು. ಆಗ ಯಾದಗಿರಿ ಜಿಲ್ಲೆಯಾಗಿರಲಿಲ್ಲ, ನಮ್ಮ ತಾಲೂಕುಗಳವರು ಎಲ್ಲಕ್ಕೂ ಗುಲಬರ್ಗಾಕ್ಕೇ ಓಡಬೇಕಿತ್ತು. ಅದೇ ಹೊತ್ತಿಗೆ ಕ್ಲಬ್ಬಿಗೆ ಪಾಯಿಂಟ್ ಟೂ ಟೂ ಅನ್ನುವ ಸಣ್ಣ ಗುಂಡಿನ ಹೊಸ ರೈಫಲ್ ಬಂತು. ಎಣ್ಣೆ ಕಾಗದ ಬಿಚ್ಚಿದಾಗ ಎಲ್ಲರೂ ಮದುಮಗಳನ್ನು ನೋಡುವಂತೆ ಸುತ್ತ ನಿಂತಿದ್ದರು. ನಾನು ಮಾತ್ರ ಅದರ ಉದ್ದ ನೋಡುತ್ತಿದ್ದೆ. ಸ್ಪರ್ಧೆಯಲ್ಲಿ ಮರಳಿನ ಚೀಲ ನಡೆಯುವುದಿಲ್ಲ. ಬೋರಲು ಮಲಗಿ ಎಡಗೈ ಮುಂದೆ ಚಾಚಿ, ಅಂಗೈ ಮೇಲೆಯೇ ಬಂದೂಕಿನ ಭಾರ ಹೊರಬೇಕು. ಹಿಡಿದು ನೋಡಿದೆ. ನನ್ನ ಕೈ ನಳಿಗೆಯ ಕೆಳಗಿನ ಮುಂಗಟ್ಟಿಗೆಯನ್ನು ಮುಟ್ಟಿತೇ ಹೊರತು ಹಿಡಿಯಲಿಲ್ಲ.

ಮಾಸ್ಟರ್ ಕ್ಯಾಂಪಿಗೆ ಬಂದದ್ದು ಬೇರೆ ಕೆಲಸಕ್ಕೆ. ಗುಂಡು ಹೊಡೆಯುವವರು ತೊಡುವ ದಪ್ಪ ಜಾಕೀಟು ಹೊಲಿಯಬೇಕಿತ್ತು. “ತೊಟ್ಟಾಗ ಹೆಂಗ ಕೂಡ್ತದ ನೋಡ್ದೆ ಕತ್ತರಿ ಹಚ್ಚಂಗಿಲ್ಲ,” ಎಂದು ಸೈಕಲ್ ಹೊಡೆದುಕೊಂಡು ಮೈದಾನಕ್ಕೇ ಬಂದರು. ಕಿವಿಯಲ್ಲಿ ಹತ್ತಿ ತುರುಕಿಕೊಂಡು ಒಂದು ಗಂಟೆ ನಮ್ಮನ್ನು ನೋಡಿದರು. ಆಮೇಲೆ ಸೆಕ್ರೆಟರಿಯವರಿಗೆ, “ಜಾಕೀಟಿಂದೇನೂ ತಕರಾರಿಲ್ರಿ. ತಕರಾರಿರೋದು ಬಂದೂಕಿಂದು. ಇದು ರೆಡಿಮೇಡ್, ಈಕಿ ಮೈಗಿ ದೊಡ್ಡದು,” ಅಂದರು.

ರೆಡಿಮೇಡ್ ಅನ್ನುವುದು ಅವರ ಬಾಯಲ್ಲಿ ಬೈಗುಳ. ಆ ವರ್ಷವೇ ಅವರ ಅಂಗಡಿಯ ಎದುರು ಊರಿನ ಮೊದಲ ರೆಡಿಮೇಡ್ ಅಂಗಡಿ ಬಾಗಿಲು ತೆಗೆದಿತ್ತು. “ಎಲ್ಲಾರಿಗೂ ಹೊಲದದ್ದಂದ್ರ ಯಾರಿಗೂ ಹೊಲದಿಲ್ಲಂತ ಅರ್ಥ,” ಅನ್ನುತ್ತಿದ್ದರು. ಬಂದೂಕಿನ ಬಗ್ಗೆ ಅವರಿಗೆ ಅಕ್ಷರವೂ ತಿಳಿದಿರಲಿಲ್ಲ. ಸೆಕ್ರೆಟರಿ ಗುಂಡೊಂದನ್ನು ತೋರಿಸಿ, ಇದರ ನಡುವಿಗಲ್ಲ, ತಳದ ಅಂಚಿಗೆ ಪಿನ್ನು ಬಡಿದಾಗ ಹೊತ್ತುತ್ತದೆ ಎಂದು ವಿವರಿಸಿದರು. ಮಾಸ್ಟರ ಮುಖ ಅರಳಿತು. “ಅಂಚಿಗಿ ಬಡೀತದ? ಹಂಗಾದ್ರ ಇದು ನಮ್ಮ ಪೈಕಿನೇ. ನಾವೂ ಅಂಚು ನೋಡೇ ಅರಿಬಿ ಹಿಡೀತೀವಿ,” ಅಂದರು.

ಹೊಸ ಬಂದೂಕಿಗೆ ಕೈ ಹಚ್ಚಲು ಸೆಕ್ರೆಟರಿ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಕಂಪನಿ ಕೊಟ್ಟ ಕಟ್ಟಿಗೆಯನ್ನು, ಅಂದರೆ ನಳಿಗೆ ಕೂರುವ ಮರದ ಭಾಗವನ್ನು, ಬಿಚ್ಚಿ ಹಾಗೇ ಎತ್ತಿಡುವುದು, ನನಗಾಗಿ ಬೇರೆ ಕಟ್ಟಿಗೆ ಮಾಡಿಸುವುದು. ಅದನ್ನು ಕೆತ್ತಲು ಸುರಪುರದ ಬಡಿಗ ಒಬ್ಬನು ಸಿಕ್ಕ. ಆದರೆ ಬಂದೂಕು ಕ್ಯಾಂಪಿನ ಕೋಣೆ ಬಿಟ್ಟು ಹೋಗುವಂತಿಲ್ಲ. ಬಡಿಗನಿಗೆ ನೋಡಿ ಕೆತ್ತಲು ಏನು ಕೊಡಬೇಕು?

“ಅಳತಿ ಬಂದೂಕು ಕೊಡೋಣು,” ಅಂದರು ಮಾಸ್ಟರ್. ಹೆಂಗಸರಿಗೆ ಅಳತೆ ಜಂಪರ್ ಇದ್ದಂತೆ ಬಂದೂಕಿಗೂ ಒಂದು ಬೇಕು ಎನ್ನುವುದು ಅವರ ಲೆಕ್ಕ. ಮರದ ಪಟ್ಟಿಯೊಂದಕ್ಕೆ ಹತ್ತಿ, ಗೋಣಿ, ಖಾಕಿ ಬಟ್ಟೆ ಸುತ್ತಿ, ಟಾಕು ಹೊಲಿಗೆ ಹಾಕಿ, ಮೇಣ ಉಜ್ಜಿ ಬಟ್ಟೆಯದೇ ಒಂದು ಬಂದೂಕು ಮಾಡಿದರು. ಅದಕ್ಕೆ ನೀಲಿ ಸೀಮೆಸುಣ್ಣ ಬಳಿದು ನನಗೆ ಮಲಗಿ ಹಿಡಿಯಲು ಹೇಳುತ್ತಿದ್ದರು. ಗಲ್ಲಕ್ಕೆ ಬಣ್ಣ ಎಲ್ಲಿ ಹತ್ತಿದೆ, ಭುಜಕ್ಕೆ ಎಲ್ಲಿ ಹತ್ತಿದೆ ನೋಡಿ ಅಲ್ಲಿ ಬಿಚ್ಚಿ, ಇಲ್ಲಿ ತುಂಬಿ ಮತ್ತೆ ಹೊಲಿಯುತ್ತಿದ್ದರು. ನೀಲಿ ಗಲ್ಲ ಹೊತ್ತು ಮನೆಗೆ ಹೋದರೆ ಅವ್ವ ದಿನಾ ಬೈಯುವಳು. ಮುಂದೆ ಚಾಚುವ ಎಡಗೈ ಎಲ್ಲಿ ಬರಬೇಕು ಅನ್ನುವುದನ್ನು ಮಾತ್ರ ಅವರು ನನ್ನನ್ನು ಕೇಳಲಿಲ್ಲ. ಎರಡೂ ತೋಳಿನ ಅಳತೆ ನನ್ನ ಜಂಪರಿನಲ್ಲೇ ಇತ್ತಲ್ಲ. ಹತ್ತಿಯ ಬಂದೂಕಿಗೆ ಭಾರವಿಲ್ಲ, ಬೆರಳ ತುದಿ ಮುಟ್ಟಿದರೂ ಹಿಡಿದಂತೆಯೇ ಕಾಣುತ್ತಿತ್ತು.

ಸುರಪುರದ ಬಸ್ಸಿನಲ್ಲಿ ಅದನ್ನು ಚಾದರದಲ್ಲಿ ಸುತ್ತಿ ಒಯ್ಯುವಾಗ ಒಬ್ಬ ಪೊಲೀಸಪ್ಪ ಮಾಸ್ಟರನ್ನು ಕೆಳಗಿಳಿಸಿದ. ಬಿಚ್ಚಿ ನೋಡಿದರೆ ಒಳಗೆ ಹತ್ತಿ ತುಂಬಿದ ಬಂದೂಕು. ಅದನ್ನು ಒತ್ತಿ ಒತ್ತಿ ನೋಡಿ, “ಇದೇನೋ ಮುದುಕಾ, ತಲಿದಿಂಬೋ?” ಅಂದನಂತೆ. “ಅಳತಿ ಅದರಿ ಸಾಹೇಬ್ರ. ಸರಕು ಇನ್ನಾ ಆಗಿಲ್ಲ,” ಎಂದು ಇವರು ಹೇಳಿ ಮುಂದಿನ ಬಸ್ಸು ಹತ್ತಿದರು.

ಬಡಿಗ ಚೆಂದ ಕೆತ್ತಿದ. ಭುಜಕ್ಕೆ ಒತ್ತುವ ಹಿಂದಿನ ಕುಂದಾ ಗಿಡ್ಡ ಮಾಡಿ, ಗಲ್ಲಕ್ಕೆ ಒತ್ತು ಕೊಟ್ಟು, ನೋಡಿದರೆ ಕಣ್ಣಿಗೆ ಹಬ್ಬ. ಗುಲಬರ್ಗಾದಿಂದ ಬಂದ ಮಿಸ್ತ್ರಿ ಗುರಿ ನೋಡುವ ಹೊಸ ತೂತಿನ ಸೈಟು ಕೂಡಿಸಿ, ಬೆರಳಿನಿಂದ ಎಳೆಯುವ ಕುದುರೆಯ ಬಿಗಿ ಸಡಿಲಿಸಿ ಕೊಟ್ಟ. ಎಲ್ಲ ಸರಿ. ಮಲಗಿ ಹೊಡೆದೆ. ಐದನೆಯ ಗುಂಡಿಗೆ ಎಡಗೈ ನಡುಗಿತು, ಹತ್ತನೆಯದಕ್ಕೆ ಬೆರಳು ಜೋಮು ಹಿಡಿಯಿತು. ಗುಂಡುಗಳು ಹಾಳೆಯ ತುಂಬ ಚೆಲ್ಲಾಪಿಲ್ಲಿ.

ಯಾಕೆಂದು ನನಗೆ ಗೊತ್ತಿತ್ತು. ಆ ಕಟ್ಟಿಗೆಯನ್ನು ನೆಟ್ಟಗಿನ ಕೈಯವಳಿಗೆ ಮಾಡಲಾಗಿತ್ತು. ನಾನು ಬಾಯಿ ಬಿಡಲಿಲ್ಲ. ಅದೇ ತಿಂಗಳು ಸುರಪುರದ ಕಡೆಯವರು ನನ್ನನ್ನು ನೋಡಿಹೋಗಿದ್ದರು, ಹುಡುಗನ ಅಣ್ಣ ನಮ್ಮ ಕಚೇರಿಯಲ್ಲೇ ಗುಮಾಸ್ತನಾಗಿದ್ದ, ಸಂಜೆ ಮೈದಾನಕ್ಕೂ ಬರುತ್ತಿದ್ದ. ನನ್ನ ಕೈ ಹಿಂಗಿದೆ ಎಂದು ಎಲ್ಲರೆದುರು ಹೇಗೆ ಹೇಳಲಿ? ಮಾಸ್ಟರ್ ಮಾತ್ರ ತಪ್ಪೆಲ್ಲ ತಮ್ಮದೇ ಎಂದುಕೊಂಡರು. ಕುಂದಾಕ್ಕೆ ಚರ್ಮ ಹೊಲಿದರು, ಬಿಚ್ಚಿದರು. ಬಂದೂಕನ್ನು ತೋಳಿಗೆ ಬಿಗಿಯುವ ಪಟ್ಟಿ ಉದ್ದ ಮಾಡಿದರು, ಗಿಡ್ಡ ಮಾಡಿದರು. ಒಂದು ಸಂಜೆ ಸೂಜಿಗೆ ದಾರ ಪೋಣಿಸಲು ಹೋಗಿ ಅರ್ಧಕ್ಕೆ ಬಿಟ್ಟು, ಮೇಜಿನ ಮೇಲಿಟ್ಟರು. “ಬೇಟಿ, ಹದಿನೈದು ವರ್ಷದಾಗ ನಿನ್ನ ಅಳತಿ ಒಮ್ಮೆ ತಪ್ಪಿಲ್ಲ. ಈಗ ತಪ್ಪಾಕತ್ತದ. ಕೈ ಹೋತು ಅನಸ್ತದ ನಂದು. ಅಂಗಡಿ ಮುಚ್ಚಿ ಕುಂದ್ರೋದು ಚಲೋ,” ಅಂದರು. ಆಗಲೂ ನಾನು ಸುಮ್ಮನಿದ್ದೆ. ನನ್ನ ಜೀವನದಲ್ಲಿ ನನಗೆ ನಾಚಿಕೆಯಾಗುವ ಸಂಗತಿ ಅದೊಂದೇ, ಮುರಿದ ಕೈಯಲ್ಲ.

ಎರಡು ದಿನ ಬಿಟ್ಟು ಅವರೇ ಹೇಳಿಕಳಿಸಿದರು. ಹೋದಾಗ ನನ್ನ ಅಳತೆ ಜಂಪರ್ ಒಳಗಿನದು ಹೊರಗೆ ಮಾಡಿ ಮೇಜಿನ ಮೇಲೆ ಹರಡಿತ್ತು. ಎಡತೋಳಿನ ಹೊಲಿಗೆ ಬಿಚ್ಚಿದ್ದರು. ಓರೆ ತುಂಡು, ಕ್ಯಾನ್ವಾಸ್ ಎಲ್ಲ ಹೊರಗೆ ಬಿದ್ದಿದ್ದವು. ಜಂಪರ್ ನೋಡಿ ಜಂಪರ್ ಹೊಲಿಯುತ್ತ ಹೊಲಿಯುತ್ತ, ಮೊದಲ ದಿನ ತಾವೇ ಸೇರಿಸಿದ್ದನ್ನು ಅವರ ಕೈ ನೆನಪಿಟ್ಟಿತ್ತು, ತಲೆ ಮರೆತಿತ್ತು.

“ನೋಡು ಹೆಂಗ ಆತು,” ಅಂದರು. ನಗುತ್ತಿದ್ದರು. “ನಾನೇ ಹೊಲದ ಸುಳ್ಳು ನಾನೇ ನಂಬೀನಿ.”

ನಾನು ಅತ್ತುಬಿಟ್ಟೆ. ನನಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ ಎಂದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. “ನೀ ಹೆಂಗ ಹೇಳ್ತಿ? ಮುಚ್ಚಿಡು ಅಂತ ಕಲಿಸಿದಾಂವಾ ನಾನೇ ಅಲ್ಲೇನು,” ಅಂದರು. ಹೆಂಡತಿಯನ್ನು ಕರೆದರು. ಪರದೆಯ ಹಿಂದೆ ಚಾಪೆ ಹಾಸಿ ಅವರು ನನ್ನನ್ನು ಬೋರಲು ಮಲಗಿಸಿದರು. ನಿಂತವರ ಅಳತೆ ತೆಗೆದೇ ಗೊತ್ತಿದ್ದ ಆಕೆ, “ಹಿಂಗ ಮಲಗಿಸಿ ಯಾವ ಜಂಪರ್ ಹೊಲೀತಾರ ಇವರು,” ಎಂದು ಗೊಣಗುತ್ತ ನನ್ನ ಜಂಪರಿನ ತೋಳು ಮೇಲೇರಿಸಿ ನೂಲು ಹಿಡಿದರು. ಭುಜದಿಂದ ಮೊಳಕೈಗೊಂದು ಗಂಟು, ಮೊಳಕೈಯಿಂದ ಅಂಗೈಗೊಂದು ಗಂಟು. ಮೊಳಕೈ ತಿರುಗಿದ ಜಾಗದಲ್ಲಿ ಸ್ವಲ್ಪ ಹೊತ್ತು ಅವರ ಕೈ ನಿಂತಿತು. “ನೋಯ್ತದೇನವ್ವ?” ಅಂದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಇಲ್ಲ ಅಂದೆ.

ಎರಡನೆಯ ಕಟ್ಟಿಗೆ ನೋಡಲು ಚೆಂದವಿರಲಿಲ್ಲ. ಎಡಗೈ ಹಿಡಿಯುವ ಜಾಗ ನಾಲ್ಕು ಬೆರಳು ಹಿಂದೆ ಬಂದಿತ್ತು, ತಳ ಎಡಕ್ಕೆ ಓರೆಯಾಗಿ ಇಳಿದಿತ್ತು, ಅಂಗೈ ಕೂಡಲು ಒಂದು ಹಳ್ಳ ಇತ್ತು. ಬೇರೆ ಯಾರು ಹಿಡಿದರೂ ಬಂದೂಕು ವಾಲುವುದು. ನಾನು ಮಲಗಿ ಕೈ ಕೊಟ್ಟೆ, ಅದು ಬಂದು ಕೂತಿತು. ನಡುಕ ಇಲ್ಲ, ನೋವಿಲ್ಲ. ಹತ್ತು ಗುಂಡಿಗೆ ಒಂದೇ ತೂತು ಅನ್ನುವ ಹಾಗೆ ಬಿತ್ತು. ಮಾಸ್ಟರ್ ಕಿವಿಯ ಹತ್ತಿ ತೆಗೆಯುವುದನ್ನೂ ಮರೆತು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತರು. ನೋಡುವವರಿಗೆ ಕಟ್ಟಿಗೆಯ ಸೊಟ್ಟ ಕಾಣುತ್ತಿತ್ತು, ಕಾರಣ ಕಾಣುತ್ತಿರಲಿಲ್ಲ. ನಾನು ಉದ್ದ ತೋಳಿನ ಜಾಕೀಟು ತೊಟ್ಟೇ ಇರುತ್ತಿದ್ದೆ.

ಗುಲಬರ್ಗಾಕ್ಕೆ ಕಚೇರಿಯ ಅರ್ಧ ಜನ ಬಂದಿದ್ದರು. ಹುಡುಗನ ಅಣ್ಣನೂ ಇದ್ದ. ರಿಪೇರಿಗೆ ಬೇಕಾದೀತು ಎಂದು ಮಾಸ್ಟರನ್ನು ಸೆಕ್ರೆಟರಿಯೇ ಕರೆತಂದಿದ್ದರು. ಸ್ಪರ್ಧೆಗೆ ಮೊದಲು ಬಂದೂಕು ತಪಾಸಣೆ. ಮೇಜಿನ ಹಿಂದೆ ಕೂತ ಅಧಿಕಾರಿ ನನ್ನದನ್ನು ತಿರುವಿ ತಿರುವಿ ನೋಡಿ ಗಟ್ಟಿಯಾಗಿ, “ಏನ್ರಿ ಇದು, ಪೂರಾ ಒಂದು ಕಡೆ ವಾಲ್ಯಾದ. ಯಾರು ಮಾಡ್ಯಾರ ಇಂಥಾ ಸೊಟ್ಟ ಕೆಲಸ?” ಅಂದರು. ಸಾಲಿನಲ್ಲಿದ್ದವರೆಲ್ಲ ಇಣುಕಿದರು. ಕೆಲವರು ನಕ್ಕರು.

ನಾನು ಬಾಯಿ ತೆರೆಯುವ ಮೊದಲೇ ಮಾಸ್ಟರ್ ಮುಂದೆ ಬಂದು ಕೈ ಮುಗಿದರು. “ನಂದೇ ಗಲತಿ ಸಾಹೇಬ್ರ. ವಯಸ್ಸಾತು, ಕಣ್ಣು ಕಾಣಂಗಿಲ್ಲ, ಅಳತಿ ತಪ್ಪೀನಿ. ಆಕಿದೇನೂ ಇಲ್ಲರಿ. ಹೊಡ್ಯಾಕ ಬಿಡ್ರಿ ಆಕಿಗಿ.”

ಒಂದು ಗುಂಡಿ ಅರ್ಧ ಬೆರಳು ಆಚೀಚೆ ಆದರೆ ಇಡೀ ಅಂಗಿ ಬಿಚ್ಚಿ ಹೊಲಿಯುವ ಮನುಷ್ಯ. ನಾನು ಕಂಡಂತೆ ಯಾವ ಗಿರಾಕಿಯ ಮುಂದೆಯೂ ತಪ್ಪಾಗಿದೆ ಅಂದವರಲ್ಲ, ತಪ್ಪು ಆಗಲು ಬಿಟ್ಟವರೇ ಅಲ್ಲ. ಅಷ್ಟು ಜನರ ಎದುರು ತಲೆ ಬಗ್ಗಿಸಿ ನಿಂತಿದ್ದರು. ನನಗೆ ಮೈ ಉರಿದುಹೋಯಿತು. ಜಾಕೀಟು ಬಿಚ್ಚಿ ಮೇಜಿನ ಮೇಲಿಟ್ಟೆ. ಜಂಪರಿನ ತೋಳನ್ನು ಭುಜದವರೆಗೆ ಏರಿಸಿ ಎಡಗೈ ಚಾಚಿದೆ, ಅದು ಎಷ್ಟು ಚಾಚುತ್ತದೋ ಅಷ್ಟು.

“ಕಟ್ಟಿಗಿ ಸೊಟ್ಟಿಲ್ರಿ,” ಅಂದೆ. “ಕೈ ನಂದು ಸೊಟ್ಟ ಅದ. ಮಾಸ್ಟರ್ ಅಳತಿ ಬರಾಬರ್ ಅದ.”

ಅಧಿಕಾರಿ ನನ್ನ ಕೈ ನೋಡಿದರು, ಕಟ್ಟಿಗೆ ನೋಡಿದರು, ಮತ್ತೆ ಕೈ ನೋಡಿದರು. ಎದ್ದು ನಿಂತು ಬಂದೂಕನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು. ಹುಡುಗನ ಅಣ್ಣನ ಕಡೆ ನಾನು ತಿರುಗಿ ನೋಡಲಿಲ್ಲ. ಆ ಸಂಬಂಧ ಮುಂದೆ ಕೂಡಲಿಲ್ಲ, ಬೇರೆಯದು ಕೂಡಿತು, ಅದು ಬೇರೆ ಕತೆ. ಸ್ಪರ್ಧೆಯಲ್ಲಿ ಮೂರನೆಯವಳಾದೆ. ಆಯ್ಕೆಯಾದವರು ಇಬ್ಬರೇ.

ತಿರುಗಿ ಬರುವಾಗ ಬಸ್ಸು ಜೇವರ್ಗಿ ದಾಟಿತು. ಮಾಸ್ಟರ್, “ಮೂರನೇದಾಕಿ ಆದೆ ಅಂತ ಬ್ಯಾಸರ ಮಾಡ್ಕೋಬ್ಯಾಡ,” ಅಂದರು. ಮಾಡಿಕೊಂಡಿಲ್ಲ ಅಂದೆ, ಅದು ನಿಜವಿತ್ತು. ಅವರು, “ನಿನ್ನ ತೋಳು ಹೊಲದಂಥಾ ಚಲೋ ಕೆಲಸ ನಾ ಜಲ್ಮದಾಗ ಮಾಡಿಲ್ಲ. ಆದ್ರ ಯಾರಿಗಿ ತೋರಿಸ್ಲಿ? ಕಂಡ್ರ ಕೆಲಸ ಕೆಟ್ಟಂಗ. ಇವತ್ತ ಮಂದಿ ಮುಂದ ನನ್ನ ಕೆಲಸ ತೋರಿಸಿದಿ ನೋಡು ಬೇಟಿ,” ಅಂದರು. ಹೇಳುತ್ತ ಅವರ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. ನಾನೂ ಅತ್ತೆ.

ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ನಮ್ಮಿಬ್ಬರನ್ನು ನೋಡಿ ಗಾಬರಿಯಾದ. ದನಿ ತಗ್ಗಿಸಿ, “ಯಾರರ ತೀರ್ಕೊಂಡಾರೇನ್ರಿ?” ಎಂದು ಕೇಳಿದ.

“ಇಲ್ಲಪಾ,” ಅಂದರು ಮಾಸ್ಟರ್. “ಅಳತಿ ಕೂಡ್ಯಾದ.”